ಟೈಮರ್ ಕೊಳ್ಳುವಾಗ ಒಳಗಿನ ಸೆಲ್ ಯಾವುದೆಂದು ಕೇಳಿ

ಹನಿ ನೀರಾವರಿಗೆ ಟೈಮರ್ ಇಟ್ಟವರು ಈಗ ನಮ್ಮಂಥ ಬಯಲುಸೀಮೆ ಹಳ್ಳಿಗಳಲ್ಲೂ ಇದ್ದಾರೆ. ಕೊಳ್ಳುವಾಗ ಎಷ್ಟು ವಾಲ್ವ್ ನಡೆಸುತ್ತೆ, ಗ್ಯಾರಂಟಿ ಎಷ್ಟು ವರ್ಷ ಅಂತ ಎಲ್ಲರೂ ಕೇಳ್ತಾರೆ. ಕರೆಂಟು ಹೋದಾಗ ಒಳಗಿನ ಗಡಿಯಾರ ಯಾವುದರ ಬಲದ ಮೇಲೆ ನಡೆಯುತ್ತೆ ಅಂತ ಕೇಳಿದವರನ್ನು ನಾನು ಕಂಡಿಲ್ಲ. ಮೊದಲು ಕೇಳಬೇಕಾದ್ದು ಅದನ್ನೇ.

ನನ್ನದು ಮಳೆ ನಂಬಿದ ಜಮೀನು. ಶೇಂಗಾ, ರಾಗಿ, ತೊಗರಿ. ಇರುವ ಒಂದು ಬೋರಿನ ಅಲ್ಪ ನೀರನ್ನು ತೊಟ್ಟಿಗೆ ತುಂಬಿಕೊಂಡು ಮುಕ್ಕಾಲು ಎಕರೆ ತರಕಾರಿಗೆ ಹನಿಯಲ್ಲಿ ಬಿಡುತ್ತೇನೆ. ಟೈಮರ್ ಬೆಳಗಿನ ಜಾವ 5ಕ್ಕೆ ವಾಲ್ವ್ ತೆರೆದು 40 ನಿಮಿಷಕ್ಕೆ ಮುಚ್ಚಬೇಕು. ಬೇಸಿಗೆಯಲ್ಲಿ ಬೋರು ಸೋತು ನಾಲ್ಕು ತಿಂಗಳು ಅದು ಆಫ್ ಆಗಿತ್ತು. ಮಳೆ ಬಂದ ಮೇಲೆ ಆನ್ ಮಾಡಿ, ಟೈಮ್ ಕೂರಿಸಿ, ಮೆಣಸಿನ ಸಸಿ ನೆಟ್ಟೆ. ಆಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ರಾತ್ರಿ 12ಕ್ಕೆ ಹಿಂದಿರುಗುತ್ತಿತ್ತು. ಹಗಲು 9ಕ್ಕೆ ಕರೆಂಟು ಬಂದರೆ ಮಧ್ಯಾಹ್ನ 2ಕ್ಕೆ ವಾಲ್ವ್ ತೆರೆಯೋದು. ಅಷ್ಟಿಷ್ಟು ನೀರೂ ಸುಡುಬಿಸಿಲಿಗೆ ಹೋಯಿತು, ಸಸಿ ಬಾಡಿದವು. ಮಾರಿದವರು ಹೇಳಿದ್ದು ಇಷ್ಟೇ: "ಮತ್ತೆ ಟೈಮ್ ಸೆಟ್ ಮಾಡ್ಕೊಳ್ಳಿ ಯಜಮಾನ್ರೇ."

ನಾನು ಓದಿದ್ದು ಏಳನೇ ಕ್ಲಾಸು. ಪೇಟೆಯ ರಿಪೇರಿ ಹುಡುಗ ಬಿಚ್ಚಿ ತೋರಿಸಿದ ಮೇಲೆ ವಿಷಯ ತಿಳಿಯಿತು. 5ಕ್ಕೆ ತೆರೆ, 40 ನಿಮಿಷಕ್ಕೆ ಮುಚ್ಚು ಅನ್ನೋದು ಬರೆದಿಟ್ಟ ಹಾಗೆ, ಕರೆಂಟಿಲ್ಲದೆಯೂ ಉಳಿಯುತ್ತೆ. ಗಡಿಯಾರ ಹಾಗಲ್ಲ, ಅದು ನಡೀತಾನೇ ಇರಬೇಕು. ಒಳಗೊಂದು ಹರಳು ಸೆಕೆಂಡಿಗೆ 32,768 ಸಲ ಅದುರುತ್ತೆ, ಅದನ್ನು ಎಣಿಸಿ ಒಂದು ಸೆಕೆಂಡು ಮಾಡ್ತಾರೆ. ಎಣಿಕೆಗೆ ಬೇಕಾದ್ದು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು ಕರೆಂಟು. ಅಷ್ಟೂ ಸಿಗದಿದ್ದರೆ ಎಣಿಕೆ ನಿಂತುಹೋಗುತ್ತೆ.

ಅಷ್ಟು ಕರೆಂಟು ಕೊಡಲು ಮೂರು ದಾರಿ ಇವೆ.

ಒಂದು, ಚಾರ್ಜ್ ಆಗುವ ಸಣ್ಣ ಸೆಲ್. ದಿನಾ ಕರೆಂಟು ಇರುವಲ್ಲಿ ಸರಿ. ತಿಂಗಳುಗಟ್ಟಲೆ ಆಫ್ ಆದರೆ ಪೂರ್ತಿ ಬರಿದಾಗಿ ಕೆಡುತ್ತೆ. ನನ್ನ ಟೈಮರಿನಲ್ಲಿದ್ದದ್ದು ಇದೇ, ಅದೂ ಬೆಸುಗೆ ಹಾಕಿದ್ದು.

ಎರಡು, ಸೂಪರ್ ಕೆಪಾಸಿಟರ್. ಬದಲಿಸುವ ಗೋಜಿಲ್ಲ ಅಂತ ಮಾರ್ತಾರೆ. ಒಂದು ಫ್ಯಾರಡಿನದು 5 ವೋಲ್ಟಿನಿಂದ 2 ವೋಲ್ಟಿಗೆ ಇಳಿಯೋವರೆಗೆ ಲೆಕ್ಕದಲ್ಲಿ 34 ದಿನ ಬರಬೇಕು. ಆದರೆ ಅದು ತಾನೇ ಸೋರುತ್ತೆ, ಅಷ್ಟು ಬಾರದು. ಒಂದೆರಡು ದಿನದ ಕರೆಂಟ್ ಕಡಿತಕ್ಕೆ ಸಾಕು, ನಾಲ್ಕು ತಿಂಗಳಿಗೆ ಸಾಲದು.

ಮೂರು, ಕಂಪ್ಯೂಟರಿನಲ್ಲಿ ಹಾಕುವ ಬಿಲ್ಲೆ ಸೆಲ್, ಸಿಆರ್ 2032. ಅಡ್ಡಗಲ 20 ಮಿ.ಮೀ., ದಪ್ಪ 3.2 ಮಿ.ಮೀ., 3 ವೋಲ್ಟ್. ಸುಮಾರು 220 ಮಿಲಿಆಂಪಿಯರ್ ಗಂಟೆ ಹಿಡಿಯುತ್ತೆ. ಬರೀ ಲೆಕ್ಕದಲ್ಲಿ 25 ವರ್ಷ. ಬಿಸಿಲಿಗೆ ಕಾಯುವ ತಗಡಿನ ಪೆಟ್ಟಿಗೆಯಲ್ಲಿ ಅಷ್ಟು ನಂಬಬೇಡಿ, ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ.

ನನ್ನ ಅಭಿಪ್ರಾಯ ಇಷ್ಟೇ. ವರ್ಷವಿಡೀ ನೀರು, ಕರೆಂಟು ಇರುವ ತೋಟದವರಿಗೆ ಯಾವುದಾದರೂ ನಡೆದೀತು. ಮಳೆ ನೋಡಿ ಬೇಸಾಯ ಮಾಡುವ ನಮಗೆ ಬಿಲ್ಲೆ ಸೆಲ್ಲೇ ಆಗಬೇಕು. ಅದೂ ಬೆಸುಗೆ ಹಾಕಿದ್ದಲ್ಲ, ಹೊರಗಿನಿಂದ ಮುಚ್ಚಳ ತೆಗೆದು ನಾವೇ ಹಾಕುವಂತೆ ಗೂಡಿನಲ್ಲಿ ಕೂತಿರಬೇಕು. ಸಣ್ಣ ಸೆಲ್ಲಿಗಾಗಿ ಸಾವಿರಾರು ರೂಪಾಯಿಯ ಪೆಟ್ಟಿಗೆ ಮೂಲೆ ಸೇರಬಾರದು. ಯಾವ ಸೆಲ್, ಕರೆಂಟಿಲ್ಲದೆ ಗಡಿಯಾರ ಎಷ್ಟು ದಿನ ನಡೆಯುತ್ತೆ ಅಂತ ತಯಾರಿಸುವವರು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಲಿ. ಕೀಟನಾಶಕದ ಡಬ್ಬಿಯಲ್ಲಿ ತಾರೀಖು ನೋಡಿ ತಗೊಳ್ಳೋ ನಾವು ಇದನ್ನೂ ನೋಡಿಯೇ ತಗೊಳ್ಳೋಣ.

ಇನ್ನು ಬದಲಿಸುವವರಿಗೆ ಮೂರು ಮಾತು. ಮೇನ್ ಆಫ್ ಮಾಡಿಯೇ ಕೈ ಹಾಕಿ. ಎಲ್‌ಐಆರ್ 2032 ಅಂತ ಬರೆದದ್ದು ಚಾರ್ಜ್ ಆಗುವ ಜಾತಿ. ಆಕಾರ ಒಂದೇ ಆದರೂ ಅದರ ಜಾಗಕ್ಕೆ ಸಿಆರ್ 2032 ಹಾಕಬೇಡಿ, ಚಾರ್ಜಿಗೆ ಉಬ್ಬಿ ಸೋರೀತು. ಹಳೇ ಸೆಲ್ ಮಕ್ಕಳ ಕೈಗೆ ಸಿಗದಿರಲಿ. ನುಂಗಿ ಗಂಟಲ ನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಡುತ್ತೆ, ತಡ ಮಾಡದೆ ಆಸ್ಪತ್ರೆಗೆ ಓಡಬೇಕು. ಹೊಸ ಸೆಲ್ ಹಾಕಿದ ತಿಂಗಳು, ವರ್ಷ ಪೆಟ್ಟಿಗೆಯ ಬಾಗಿಲ ಒಳಗೆ ಪೆನ್ನಿನಲ್ಲಿ ಬರೆದಿಡಿ.