ಗಾಳಿ ಪುಕ್ಕಟೆ, ಗುಡ್ಡದ ನೆತ್ತಿ ಪುಕ್ಕಟೆಯಲ್ಲ

ಕಲ್ಲಿದ್ದಲು ಸುಡದೆ, ನದಿಗೆ ಅಡ್ಡ ಕಟ್ಟದೆ, ಅಣುವಿಕಿರಣದ ಭಯವಿಲ್ಲದೆ ವಿದ್ಯುತ್ ದೊರೆಯುವುದಾದರೆ ಬೇಡವೆನ್ನುವವರು ಯಾರು? ಬೃಹತ್ ಅಣೆಕಟ್ಟುಗಳನ್ನೂ ಉಷ್ಣಸ್ಥಾವರಗಳನ್ನೂ ವಿರೋಧಿಸುತ್ತ ಬಂದ ಪರಿಸರ ಚಳವಳಿಯೇ ಪವನಶಕ್ತಿಯನ್ನು ಬದಲಿ ಮಾರ್ಗವೆಂದು ಎತ್ತಿಹಿಡಿದಿತ್ತು. ಇಂದು ಕರ್ನಾಟಕದ ಪವನ ವಿದ್ಯುತ್ತಿನ ಸ್ಥಾಪಿತ ಸಾಮರ್ಥ್ಯ 7,000 ಮೆಗಾವಾಟ್ ದಾಟಿರುವುದು ಸಂತೋಷದ ಸಂಗತಿಯೇ. ಆದರೆ ಗಾಳಿಯಂತ್ರಗಳು ಬಯಲುಸೀಮೆಯ ಹೊಲಗಳಲ್ಲಿ ನಿಲ್ಲುವುದಕ್ಕೂ ಸಹ್ಯಾದ್ರಿಯ ನೆತ್ತಿಯನ್ನೇರುವುದಕ್ಕೂ ಇರುವ ವ್ಯತ್ಯಾಸವನ್ನು ಗುಡ್ಡದೂರುಗಳ ನಾವು ಅರಿತಿರಬೇಕು.

ಮೊದಲು ವಿದ್ಯುತ್ತಿನ ಲೆಕ್ಕ ನೋಡೋಣ. ಯೋಜನೆಯ ಹೆಸರಿನೊಂದಿಗೆ ಹೇಳುವ ಮೆಗಾವಾಟ್ ಯಂತ್ರದ ಗರಿಷ್ಠ ಸಾಮರ್ಥ್ಯ ಮಾತ್ರ. 2 ಮೆಗಾವಾಟಿನ ಒಂದು ಯಂತ್ರ ವರ್ಷದ 8,760 ಗಂಟೆಯೂ ಪೂರ್ಣಬಲದಿಂದ ತಿರುಗಿದರೆ 1.75 ಕೋಟಿ ಯೂನಿಟ್ ದೊರೆಯಬೇಕು. ಗಾಳಿ ಹಾಗೆ ಎಡೆಬಿಡದೆ ಬೀಸುವುದಿಲ್ಲ. ಅದರ ಕಾಲುಭಾಗ ಕೈಗೆ ಬಂದೀತೆಂದು ಹಿಡಿದರೆ ಸುಮಾರು 44 ಲಕ್ಷ ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ 3,600 ಮನೆಗಳ ವರ್ಷದ ಬಳಕೆಗೆ ಅಷ್ಟು ಸಾಕು. ಇದು ಅಲ್ಪವೇನಲ್ಲ. ನಮ್ಮ ಭಾಗದಲ್ಲಿ ಇದರ ಬಹುಪಾಲು ಬರುವುದು ಮುಂಗಾರಿನ ತಿಂಗಳುಗಳಲ್ಲಿ. ಆಗ ಗಾಳಿ ದುಡಿದಷ್ಟೂ ಜಲಾಶಯದ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು.

ಹಾಗಾದರೆ ತಕರಾರು ಎಲ್ಲಿ? ಗಾಳಿಯ ವೇಗ ಇಮ್ಮಡಿಯಾದರೆ ಅದರೊಳಗಿನ ಶಕ್ತಿ ಎಂಟು ಪಟ್ಟಾಗುತ್ತದೆ. ಗುಡ್ಡದ ನೆತ್ತಿಯನ್ನು ಹಾಯುವಾಗ ಗಾಳಿಯ ವೇಗ ಹೆಚ್ಚುತ್ತದೆ. ಆದ್ದರಿಂದಲೇ ಕಂಪನಿಗಳ ಕಣ್ಣು ನೆತ್ತಿಯ ಮೇಲೆ. ಆದರೆ ನಮ್ಮ ಹಳ್ಳಗಳು ಹುಟ್ಟುವುದೂ ಅಲ್ಲಿಯೇ. ಕಡತಗಳಲ್ಲಿ ‘ಪಾಳುಭೂಮಿ’ ಎನಿಸಿಕೊಳ್ಳುವ ಆ ಹುಲ್ಲುಗಾವಲು ಮತ್ತು ಶೋಲಾ ಕಾಡು ಮಳೆನೀರನ್ನು ಹೀರಿಕೊಂಡು, ಕೆಳಗಿನ ತೋಟ-ಗದ್ದೆಗಳಿಗೆ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ.

ಕಂಬ ನಿಲ್ಲಲು ಬೇಕಾದ ಜಾಗ ಚಿಕ್ಕದೆಂದು ಕಂಪನಿಯವರು ಹೇಳುವುದು ಸುಳ್ಳಲ್ಲ. ಹಾನಿಯ ಬಹುಪಾಲು ರಸ್ತೆಯದು. ಹತ್ತಾರು ಮೀಟರ್ ಉದ್ದದ ರೆಕ್ಕೆಯನ್ನು ಹೊತ್ತ ಲಾರಿ ಘಾಟಿಯ ಕಡಿದಾದ ತಿರುವಿನಲ್ಲಿ ತಿರುಗಲಾರದು. ಅದಕ್ಕಾಗಿ ಗುಡ್ಡವನ್ನೇ ಕಡಿಯಬೇಕು. ಮಹಾರಾಷ್ಟ್ರದ ಭೀಮಾಶಂಕರ ಅಭಯಾರಣ್ಯದ ಪಕ್ಕದ ಪವನ ವಿದ್ಯುತ್ ಯೋಜನೆಯ ಬಗ್ಗೆ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರ ವರದಿಯಲ್ಲಿ ಬರೆದಿರುವುದೂ ಇದನ್ನೇ: ಕೆಟ್ಟದಾಗಿ ಕಡಿದ ರಸ್ತೆಗಳು, ಕಾಡಿನ ನಾಶ, ಭೂಕುಸಿತ, ಹೊಲ ಹಾಗೂ ಜಲಾಶಯಗಳಿಗೆ ಹರಿದ ಹೂಳು.

ಕಣ್ಣಿಗೆ ಕಾಣದ ಹಾನಿಯೂ ಇದೆ. ಸಾತಾರಾ ಜಿಲ್ಲೆಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ಎರಡು ದಶಕಗಳ ಹಿಂದೆಯೇ ಗಾಳಿಯಂತ್ರಗಳು ಎದ್ದಿದ್ದವು. ಅಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವಲ್ಲಿ ಗಿಡುಗ ಮುಂತಾದ ಬೇಟೆಹಕ್ಕಿಗಳ ಸಂಖ್ಯೆ, ಯಂತ್ರಗಳಿಲ್ಲದ ನೆರೆಯ ಜಾಗಕ್ಕಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಇತ್ತು. ಹಕ್ಕಿಯ ಭಯ ತಪ್ಪಿದ ನೆಲದ ಹಲ್ಲಿಗಳು ಹೆಚ್ಚಿದ್ದವು, ಆದರೆ ಆಹಾರಕ್ಕೆ ಪೈಪೋಟಿಯಾಗಿ ಬಡಕಲಾಗಿದ್ದವು. ಆಕಾಶದಲ್ಲಿ ತಿರುಗುವ ರೆಕ್ಕೆ ನೆಲದ ಜೀವಜಾಲದ ಲೆಕ್ಕವನ್ನೇ ಬದಲಿಸಿತ್ತು.

ಇಷ್ಟಿದ್ದರೂ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಯೋಜನೆಗಳಿಲ್ಲ. ಅಂದರೆ ಅದರ ಪ್ರಕಾರ ಪರಿಣಾಮದ ಅಧ್ಯಯನವೂ ಕಡ್ಡಾಯವಲ್ಲ, ಊರವರ ಮಾತು ಕೇಳುವ ಸಾರ್ವಜನಿಕ ವಿಚಾರಣೆಯೂ ಕಡ್ಡಾಯವಲ್ಲ. ಅರಣ್ಯಭೂಮಿ ಬೇಕಾದಲ್ಲಿ ಮಾತ್ರ ಅರಣ್ಯ ಕಾನೂನಿನ ಅನುಮತಿ ಪಡೆಯಬೇಕು. ‘ಹಸಿರು ವಿದ್ಯುತ್’ ಎಂಬ ಹೆಸರೇ ಪರೀಕ್ಷೆಯಿಂದ ವಿನಾಯಿತಿ ಕೊಡಿಸುವುದು ನ್ಯಾಯವಲ್ಲ.

ಗಾಳಿ ವಿದ್ಯುತ್ ಬೇಡವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ರಾಯಚೂರಿನಲ್ಲಿ ಕಲ್ಲಿದ್ದಲು ಸುಡುವುದನ್ನು ಒಪ್ಪಿಕೊಂಡಂತಾದೀತು. ಹಳ್ಳಗಳು ಹುಟ್ಟುವ ನೆತ್ತಿಗಳನ್ನೂ ಅಭಯಾರಣ್ಯಗಳ ಸೆರಗನ್ನೂ ಬಿಟ್ಟು, ಈಗಾಗಲೇ ರಸ್ತೆಯಿರುವ ಬಯಲಿನಲ್ಲಿ ಯಂತ್ರಗಳು ನಿಲ್ಲಲಿ. ಭೂಮಿ ಕೊಟ್ಟ ರೈತನಿಗೆ ಪ್ರತಿವರ್ಷ ಬಾಡಿಗೆ ಸಿಗಲಿ. ದೊಡ್ಡ ಪವನ ಯೋಜನೆಗಳಿಗೂ ಪರಿಸರ ಅಧ್ಯಯನ ಹಾಗೂ ವಿಚಾರಣೆ ಕಡ್ಡಾಯವಾಗಲಿ. ಹಳೆಯ ಸಣ್ಣ ಯಂತ್ರಗಳನ್ನು ತೆಗೆದು, ಅದೇ ಜಾಗದಲ್ಲಿ ಹೆಚ್ಚು ಸಾಮರ್ಥ್ಯದವನ್ನು ನಿಲ್ಲಿಸುವ ಕೆಲಸ ಮೊದಲು ನಡೆಯಲಿ.

ನಮ್ಮ ಪಾಲಿನ ಕೆಲಸವೂ ಇದೆ. ಗುಡ್ಡದ ಮೇಲೆ ಗಾಳಿ ಅಳೆಯುವ ಕಂಬ ನೆಟ್ಟ ದಿನವೇ ಊರು ಎಚ್ಚರಗೊಳ್ಳಬೇಕು. ಅರಣ್ಯ ಹಕ್ಕು ಕಾಯ್ದೆಯು ಕಾಡನ್ನೂ ಜಲಮೂಲವನ್ನೂ ಕಾಯುವ ಅಧಿಕಾರವನ್ನು ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ನೀಡಿದೆ. ಅದನ್ನು ಬಳಸಿ ಠರಾವು ಬರೆಸಬೇಕು. ವಿದ್ಯಾರ್ಥಿಗಳು ಈ ಬೇಸಿಗೆಯಲ್ಲಿ ಹಿರಿಯರ ಜೊತೆ ಗುಡ್ಡ ಹತ್ತಿ, ಯಾವ ಹಳ್ಳ ಎಲ್ಲಿ ಹುಟ್ಟುತ್ತದೆ, ಯಾವ ತಿಂಗಳವರೆಗೆ ಹರಿಯುತ್ತದೆ ಎಂದು ನಕ್ಷೆ ಬರೆದಿಡಲಿ. ಕಂಪನಿಯ ನಕ್ಷೆ ಬಂದ ದಿನ ಅದರ ಪಕ್ಕದಲ್ಲಿ ಹರಡಲು ನಮ್ಮದೊಂದು ನಕ್ಷೆ ಇರಬೇಕು.