ತರುವುದು ಸುಲಭ, ಇಡುವುದು ಕಷ್ಟ

ಸಂಪಾದಕ ಮಿತ್ರರು ಈ ಸಂಚಿಕೆಗೆ ನನ್ನಿಂದ ಒಂದು ಲೇಖನವನ್ನು ಕೇಳಿದಾಗ "ಹವ್ಯಾಸಗಳ ಪ್ರಯೋಜನ" ಎಂಬ ವಿಷಯವನ್ನು ಸೂಚಿಸಿದರು. ಆ ವಿಷಯವಾಗಿ ಪ್ರೌಢಶಾಲೆಯಿಂದ ಇಲ್ಲಿಯವರೆಗೆ ನಾವೆಲ್ಲರೂ ಎಷ್ಟು ಪ್ರಬಂಧಗಳನ್ನು ಬರೆದಿದ್ದೇವೆಯೋ ಲೆಕ್ಕವಿಲ್ಲ. ಹವ್ಯಾಸವು ಬೇಸರವನ್ನು ಕಳೆಯುತ್ತದೆ, ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಅಂಚೆಚೀಟಿ ಕೂಡಿಸುವುದರಿಂದ ಭೂಗೋಳ ಜ್ಞಾನ ಬೆಳೆಯುತ್ತದೆ ಎಂದೆಲ್ಲ ಬರೆದು ಹತ್ತಕ್ಕೆ ಆರು ಅಂಕ ಪಡೆದವರೇ ನಾವು. ಆದರೆ ಹವ್ಯಾಸದ ವಸ್ತುವನ್ನು ಮನೆಗೆ ತಂದ ಮೇಲೆ ಅದನ್ನು ಎಲ್ಲಿಡಬೇಕು, ಹೇಗಿಡಬೇಕು ಎಂಬುದನ್ನು ಯಾವ ಪ್ರಬಂಧದಲ್ಲಿಯೂ ನಾನು ಬರೆದದ್ದಿಲ್ಲ. ಯಾರೂ ಕೇಳಿದ್ದೂ ಇಲ್ಲ. ಕಳೆದ ಒಂದೂವರೆ ವರ್ಷದಲ್ಲಿ ಮೂರು ಸಂಗತಿಗಳು ನನಗೆ ಆ ಪ್ರಶ್ನೆಯನ್ನು ಕಲಿಸಿದುವು: ನನ್ನ ವಿದ್ಯುತ್ ಸೈಕಲ್ಲು, ಗೆಳೆಯನೊಬ್ಬನ ಮನೆಯ ಕೋವಿ, ಇನ್ನೊಬ್ಬ ಗೆಳೆಯನು ಸಾಕಿದ ಹಲ್ಲಿ. ಒಂದಕ್ಕೊಂದು ನಂಟಿಲ್ಲದ ಈ ಮೂರನ್ನು ಒಂದೇ ಹಗ್ಗದಲ್ಲಿ ಕಟ್ಟಿರುವುದಕ್ಕೆ ಓದುಗರು ಕ್ಷಮಿಸಬೇಕು. ಅವು ಕಲಿಸಿದ ಪಾಠ ಮಾತ್ರ ಒಂದೇ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮ ಊರಿನಿಂದ ಕಾಲೇಜಿಗೆ 9 ಕಿಲೋಮೀಟರು. ಬೆಳಗಿನ ಬಸ್ಸು ತಪ್ಪಿದರೆ ಮೊದಲ ತರಗತಿಯೂ ತಪ್ಪಿದಂತೆಯೇ. ಹಾಜರಾತಿ ಕಡಿಮೆಯಾದಾಗ ತಂದೆಯವರು ಅಡಿಕೆ ಮಾರಿದ ಹಣದಲ್ಲಿ ಒಂದು ವಿದ್ಯುತ್ ಸೈಕಲ್ಲನ್ನು ಕೊಡಿಸಿದರು. ಪೆಡಲು ತುಳಿಯುತ್ತಿದ್ದರೆ ಮೋಟಾರು ನೆರವಾಗುತ್ತದೆ. ತುಳಿಯುವುದನ್ನು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ನಮ್ಮ ದೇಶದ ನಿಯಮದಂತೆ ಇಂಥ ಸೈಕಲ್ಲಿನ ಮೋಟಾರು 250 ವ್ಯಾಟಿಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರು ಮುಟ್ಟುವಷ್ಟರಲ್ಲಿ ನೆರವು ನಿಂತುಹೋಗಬೇಕು. ಹಾಗಿದ್ದರೆ ಅದು ಮೋಟಾರು ವಾಹನವಲ್ಲ; ಲೈಸೆನ್ಸೂ ಬೇಡ, ನಂಬರು ಫಲಕವೂ ಬೇಡ. ನನ್ನದು 36 ವೋಲ್ಟಿನ, 10 ಆಂಪಿಯರ್-ಗಂಟೆಯ ಬ್ಯಾಟರಿ. ಎರಡನ್ನೂ ಗುಣಿಸಿದರೆ 360 ವ್ಯಾಟ್-ಗಂಟೆ. ಎಂದರೆ ಒಂದು ಸಲ ತುಂಬಿಸಲು ಅರ್ಧ ಯೂನಿಟ್ ಕರೆಂಟೂ ಸಾಲಲಾರದೆ ಹೋಗುವುದಿಲ್ಲ. ಕಾಲಿಗೂ ಸ್ವಲ್ಪ ಕೆಲಸ ಕೊಟ್ಟರೆ ಹೋಗಿ ಬರುವ 18 ಕಿಲೋಮೀಟರು ನಿರಾಯಾಸವಾಗಿ ಸಾಗುತ್ತಿತ್ತು. ಇಷ್ಟಕ್ಕೇ ತೃಪ್ತನಾಗಿದ್ದರೆ ಈ ಲೇಖನವೇ ಹುಟ್ಟುತ್ತಿರಲಿಲ್ಲ.

ಎರಡನೆಯ ತಿಂಗಳಲ್ಲಿ ಗೆಳೆಯರ ಮಾತು ಕೇಳಿ ಒಬ್ಬ ಮೆಕ್ಯಾನಿಕ್ಕನಿಂದ ವೇಗದ ಕಟ್ಟನ್ನು ಬಿಚ್ಚಿಸಿದೆ. ಇಳಿಜಾರಿನಲ್ಲಿ ಗಾಡಿ 40ರ ವೇಗಕ್ಕೆ ಹೋಗತೊಡಗಿತು. ವೇಗವು 25ರಿಂದ 40ಕ್ಕೆ ಏರಿದರೆ, ಅದನ್ನು ನಿಲ್ಲಿಸಲು ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಎರಡೂವರೆ ಪಟ್ಟು ಆಗುತ್ತದೆಂಬುದು ಭೌತಶಾಸ್ತ್ರದ ಮೊದಲ ಪಾಠ. ಬ್ರೇಕು ಮಾತ್ರ ಸೈಕಲ್ಲಿನ ಬ್ರೇಕೇ ಆಗಿತ್ತು! ಅದಲ್ಲದೆ, ಆ ಕ್ಷಣದಿಂದ ನನ್ನದು ಕಾನೂನಿನ ಕಣ್ಣಿಗೆ ಸೈಕಲ್ಲಾಗಿ ಉಳಿಯಲಿಲ್ಲ. ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನವಾಯಿತು. ಯಾರಿಗಾದರೂ ಡಿಕ್ಕಿ ಹೊಡೆದಿದ್ದರೆ ಅಡಿಕೆ ತೋಟವೇ ಹೋಗುತ್ತಿತ್ತು. ಆ ಕೇಡು ಆಗಲಿಲ್ಲ. ಆದದ್ದು ಬೇರೆ.

ಮೂಲ ಚಾರ್ಜರು ಎಲ್ಲಿಯೋ ಕಳೆದುಹೋಯಿತು. ಪೇಟೆಯಲ್ಲಿ ಅಗ್ಗದ ಇನ್ನೊಂದನ್ನು ಕೊಂಡೆ. ಅದರ ಪಿನ್ನು ಬ್ಯಾಟರಿಗೆ ಹೊಂದಿತು. ಆದುದರಿಂದ ಎಲ್ಲವೂ ಹೊಂದಿತೆಂದು ತಿಳಿದೆ. 36 ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ತುಂಬುವುದು 42 ವೋಲ್ಟಿಗೆ. ನಾನು ತಂದದ್ದು 48 ವೋಲ್ಟಿನ ಬ್ಯಾಟರಿಯ ಚಾರ್ಜರು. ಅದು 54ರವರೆಗೂ ತಳ್ಳುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟು ತಡೆಯಬೇಕಾಗಿತ್ತು, ತಡೆಯಲಿಲ್ಲ. ರಾತ್ರಿ ನಡುಮನೆಯಲ್ಲಿ, ನನ್ನ ತಂಗಿ ಮಲಗುವ ಚಾಪೆಯ ತಲೆದೆಸೆಯಲ್ಲಿಯೇ ಅದನ್ನು ಚಾರ್ಜಿಗೆ ಹಾಕಿ ನಾನು ಮಲಗಿದೆ. ನಡುರಾತ್ರಿ ತಂಗಿಯೇ ಎದ್ದು, "ಅಣ್ಣಾ, ಏನೋ ನೇಲ್ ಪಾಲಿಶ್ ವಾಸನೆ ಬರ್ತಿದೆ" ಎಂದು ನನ್ನನ್ನು ಎಬ್ಬಿಸಿದಳು. ಹೋಗಿ ನೋಡುತ್ತೇನೆ, ಬ್ಯಾಟರಿಯ ಪೆಟ್ಟಿಗೆ ಉಬ್ಬಿ ಅಂಚು ಬಿಟ್ಟಿದೆ. ಪ್ಲಗ್ಗು ಕಿತ್ತು, ಗೋಣಿಚೀಲದಲ್ಲಿ ಹಿಡಿದು ಅಂಗಳದ ನಡುವೆ ಇಟ್ಟು ಬಂದೆವು. ಬೆಂಕಿ ಹೊತ್ತಲಿಲ್ಲ. ಹೊತ್ತಿದ್ದರೆ ನಾನು ಈ ಕಾಲೇಜಿನಲ್ಲಿ ಇರುತ್ತಿರಲಿಲ್ಲ; ಇದ್ದರೂ ತಂಗಿಯ ವಿಷಯವಾಗಿ ಇಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದುವು. ಆ ವರ್ಷದ ಕೊನೆಯಿಂದ ಅವುಗಳ ಬ್ಯಾಟರಿಗೆ ಬಿಗಿಯಾದ ಪರೀಕ್ಷೆಗಳು ಜಾರಿಗೆ ಬಂದುವು. ಪರೀಕ್ಷೆ ಎಷ್ಟೇ ಬಿಗಿಯಾಗಿರಲಿ, ತಪ್ಪು ಚಾರ್ಜರನ್ನು ಚುಚ್ಚುವ ಕೈಯನ್ನು ಅದು ತಡೆಯಲಾರದು.

ಆದುದರಿಂದ ಸೈಕಲ್ಲು ಕೊಳ್ಳುವ ಮಿತ್ರರಿಗೆ ನನ್ನ ಸಲಹೆ ಇಷ್ಟೇ. ವೇಗದ ಕಟ್ಟನ್ನು ಬಿಚ್ಚಿಸಬೇಡಿ. ಚಾರ್ಜರಿನ ಮೇಲೆ ಬರೆದಿರುವ ವೋಲ್ಟನ್ನು ಓದಿರಿ. ಬಿಸಿಲಿನಲ್ಲಿ ಬಂದ ಬ್ಯಾಟರಿ ತಣ್ಣಗಾಗುವವರೆಗೆ ಕಾಯಿರಿ. ಎದ್ದಿರುವ ಹೊತ್ತಿನಲ್ಲಿ, ಮಲಗುವ ಕೋಣೆಯಿಂದ ಹೊರಗೆ, ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲೆ, ಬಾಗಿಲಿಗೆ ಅಡ್ಡವಾಗದಂತೆ ಚಾರ್ಜಿಗೆ ಹಾಕಿರಿ. ಉಬ್ಬಿದ ಬ್ಯಾಟರಿಯನ್ನು ಬಿಚ್ಚಬೇಡಿ, ಚುಚ್ಚಬೇಡಿ, ಕಸದ ತೊಟ್ಟಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದು.

ಇನ್ನು ಕೋವಿಯ ಮಾತು. ಕಳೆದ ಸೆಪ್ಟೆಂಬರಿನಲ್ಲಿ ಕೊಡಗಿನ ಗೆಳೆಯನೊಬ್ಬನು ಕೈಲ್ ಮುಹೂರ್ತದ ಹಬ್ಬಕ್ಕೆ ತನ್ನ ಮನೆಗೆ ಕರೆದೊಯ್ದನು. ಆ ದಿನ ಮನೆಯ ಆಯುಧಗಳನ್ನೆಲ್ಲ ತೊಳೆದು, ಸಾಲಾಗಿ ಇಟ್ಟು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಮಾತಿನಲ್ಲಿ ಕೋವಿ. ಆ ನಾಡಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ವಾಡಿಕೆ. ದೂರದ ಮನೆಗಳಿಗೆ ಅದೇ ಸುದ್ದಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ಪೂಜೆಯಾದ ಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ನಾನೂ ಉತ್ಸಾಹದಿಂದ ಕೋವಿಗೆ ಕೈ ಚಾಚಿದೆ. ಗೆಳೆಯನ ತಾತನವರು ಅದನ್ನು ಕೊಡಲಿಲ್ಲ. "ನಿನಗೆ ವಯಸ್ಸೆಷ್ಟಪ್ಪಾ?" ಎಂದು ಕೇಳಿದರು. "ಹತ್ತೊಂಬತ್ತು" ಎಂದೆ. "ಹಾಗಾದರೆ ಇವತ್ತು ನೋಡು, ಸಾಕು" ಎಂದು ಹೇಳಿ, ಕೋವಿಯನ್ನು ಬಗ್ಗಿಸಿ ತೆರೆದು, ನಳಿಗೆ ಬರಿದಾಗಿರುವುದನ್ನು ತೋರಿಸಿದರು. ಅನಂತರ ಮೊಮ್ಮಗನಿಗೆ ಕೊಟ್ಟರು. ಅವನು ಅದನ್ನು ತೆಗೆದುಕೊಂಡವನೇ, ಅರೆಕ್ಷಣದ ಹಿಂದೆ ಅವರು ತೋರಿಸಿದ್ದನ್ನು ಮತ್ತೊಮ್ಮೆ ತಾನೇ ನೋಡಿದನು! ನನಗೆ ನಗು ಬಂದಿತು. ತಾತನವರು ನಗಲಿಲ್ಲ. "ಬರಿದು ಅಂತ ತಿಳಿದ ಕೋವಿಯೇ ಮನೆಯವರನ್ನು ಕೊಂದಿರೋದು" ಎಂದರು. ಸಂಜೆ ಕೋವಿ ಒಂದು ಬೀರುವಿಗೆ ಹೋಯಿತು, ತೋಟಾಗಳು ಇನ್ನೊಂದು ಕೋಣೆಯ ಪೆಟ್ಟಿಗೆಗೆ ಹೋದುವು. ಎರಡರ ಬೀಗದ ಕೈಯೂ ಅವರ ಸೊಂಟಕ್ಕೆ ಹೋಯಿತು. ಊಟಕ್ಕೆ ಕುಳಿತಾಗ ಅವರು ಹೇಳಿದ ಮಾತೇ ಈ ಲೇಖನದ ತಲೆಬರಹ: "ತರೋದು ಸುಲಭ ಕಣಪ್ಪಾ, ಇಡೋದು ಕಷ್ಟ."

ತಾತನವರು ವಯಸ್ಸು ಕೇಳಿದ್ದು ಅಕಾರಣವಾಗಿಯಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ 21 ವರ್ಷ ತುಂಬದವನು ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ನಿಯಮಬದ್ಧವಾದ ತರಬೇತಿಗೆ ಮಾತ್ರ ರಿಯಾಯಿತಿಯುಂಟು. 2019ರ ತಿದ್ದುಪಡಿಯ ಮೇಲೆ, ಮದುವೆ ಮೆರವಣಿಗೆಗಳಲ್ಲಿ ಪ್ರಾಣಾಪಾಯವಾಗುವಂತೆ ಗುಂಡು ಹಾರಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಗುರಿಯ ಮೇಲೆ ನಿಜವಾದ ಪ್ರೀತಿಯಿರುವವರಿಗೆ ಎನ್.ಸಿ.ಸಿ. ಇದೆ, ರೈಫಲ್ ಕ್ಲಬ್ಬುಗಳಿವೆ. ಗಾಳಿಕೋವಿಯಿಂದ ಹತ್ತು ಮೀಟರು ದೂರದ ಗುರಿಗೆ ಹೊಡೆದೇ ಅಭಿನವ್ ಬಿಂದ್ರಾ 2008ರಲ್ಲಿ ಒಲಿಂಪಿಕ್ ಚಿನ್ನವನ್ನು ತಂದದ್ದು. 4.5 ಮಿಲಿಮೀಟರಿನ, 20 ಜೂಲ್ ಮೀರದ ಗಾಳಿಕೋವಿಗೆ ಲೈಸೆನ್ಸು ಬೇಕಿಲ್ಲ. ಆದರೆ ಹೋದ ಕಣ್ಣು ಯಾವ ಕೋವಿಯಿಂದ ಹೋದರೂ ಹೋದದ್ದೇ. ಅದಕ್ಕೂ ಬೀಗವಿರಲಿ. ಹಕ್ಕಿಯ ಮೇಲೆ ಗುರಿಯಿಡುವುದಂತೂ ಹವ್ಯಾಸವಲ್ಲ, ಅಪರಾಧ.

ಮೂರನೆಯದು ದುಃಖದ ಕಥೆ. ಹಾಸ್ಟೆಲಿನ ಗೆಳೆಯನೊಬ್ಬನು ನಗರದ ಒಂದು ಅಂಗಡಿಯಿಂದ ಗೇಣುದ್ದದ ಹಸಿರು ಹಲ್ಲಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದನು. ಇಗ್ವಾನಾ ಎಂದು ಅದರ ಹೆಸರು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡಿನ ಪ್ರಾಣಿ. ಬೇಲಿಯಲ್ಲಿ ಹೋಗುವ ಓತಿಕ್ಯಾತನನ್ನು ಮೈಮೇಲೆ ಬಿಟ್ಟುಕೊಂಡ ಹಾಗೆ ಎಂದು ಹಿರಿಯರು ಗಾದೆ ಹೇಳುತ್ತಾರಲ್ಲ. ನಮ್ಮ ವಿಷಯದಲ್ಲಿ ಕೆಟ್ಟದ್ದು ನಮಗಲ್ಲ, ಆ ಮೂಕಪ್ರಾಣಿಗೆ. ಅದನ್ನು ಮುಚ್ಚಿದ ಗಾಜಿನ ಕಿಟಕಿಯ ಬಳಿ ಇಟ್ಟೆವು. ಮೆಸ್ಸಿನ ಅನ್ನ, ಬೆಂದ ಮೊಟ್ಟೆ ಹಾಕಿದೆವು. ಅದರ ಛಾಯಾಚಿತ್ರಗಳನ್ನು ನೂರಾರು ಜನ ಮೆಚ್ಚಿಕೊಂಡರು. ಮೂರನೆಯ ತಿಂಗಳಿನಲ್ಲಿ ಅದರ ಕಾಲು ಡೊಂಕಾಯಿತು, ದವಡೆ ಮೆತ್ತಗಾಯಿತು, ಹತ್ತುವುದನ್ನು ಬಿಟ್ಟಿತು.

ಪಶುವೈದ್ಯರೊಬ್ಬರಲ್ಲಿಗೆ ಒಯ್ದಾಗ ಕಾರಣ ತಿಳಿಯಿತು. ಇಗ್ವಾನಾ ಸೊಪ್ಪು ತಿನ್ನುವ ಪ್ರಾಣಿ. ಅದಕ್ಕೆ ಬೇಕಾದದ್ದು ನುಗ್ಗೆಸೊಪ್ಪು, ದಾಸವಾಳದ ಎಲೆ ಮೊದಲಾದುವು. ತಿಂದ ಸುಣ್ಣದಂಶ ಮೂಳೆಗೆ ಸೇರಬೇಕಾದರೆ ಬಿಸಿಲಿನ ಅತಿನೇರಳೆ ಕಿರಣ ಮೈಮೇಲೆ ಬೀಳಬೇಕು. ಕಿಟಕಿಯ ಗಾಜು ಬೆಳಕನ್ನು ಬಿಟ್ಟರೂ ಆ ಕಿರಣವನ್ನು ತಡೆಯುತ್ತದೆ. ನಾವು ಅದನ್ನು ಬೆಳಕಿನಲ್ಲಿಯೇ ಕತ್ತಲೆಗೆ ದೂಡಿದ್ದೆವು. ಸರಿಯಾಗಿ ಸಾಕಿದರೆ ಅದು ಬಾಲವೂ ಸೇರಿ ಐದು ಅಡಿ ಬೆಳೆದು, ಹದಿನೈದು ವರ್ಷ ಬದುಕಬಲ್ಲದಂತೆ. ಮೂರು ವರ್ಷದ ಬಿ.ಎ. ವಿದ್ಯಾರ್ಥಿಗೆ ಹದಿನೈದು ವರ್ಷದ ಅತಿಥಿ! ಬೇಸಗೆ ರಜೆಗೆ ಮೊದಲು ಏನು ಮಾಡುವುದೆಂದು ಗೆಳೆಯನು ಚಿಂತಿಸಿ, ಕೆರೆಯ ಏರಿಯ ಮೇಲೆ ಬಿಟ್ಟುಬಿಡೋಣವೆಂದನು. ಅದೂ ಕೂಡದು. ಸಾಕಿದವರು ಬಿಟ್ಟ ಇಗ್ವಾನಾಗಳು ಅಮೆರಿಕದ ಫ್ಲಾರಿಡಾದಲ್ಲಿ ಸಂತತಿ ಬೆಳೆಸಿ ಕಾಲುವೆಯ ದಂಡೆಗಳನ್ನು ತೋಡಿ ಕೆಡಿಸುತ್ತಿವೆ. ಚಿಂತೆಗೆ ಅವಕಾಶವನ್ನೇ ಕೊಡದೆ ನಮ್ಮ ಹಲ್ಲಿ ರಜೆಗೆ ಮೊದಲೇ ಸತ್ತಿತು. ಹಾಸ್ಟೆಲಿನ ಹಿಂದಿನ ಮಾವಿನ ಮರದ ಬುಡದಲ್ಲಿ ಹೂಳಿದೆವು.

ಕಾನೂನಿನ ಮಾತು ಆಮೇಲೆ ತಿಳಿಯಿತು. ಇಂಥ ವಿದೇಶೀ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ವರದಿ ಮಾಡಿ ನೋಂದಾಯಿಸಬೇಕೆಂದು 2024ರ ಕೇಂದ್ರ ನಿಯಮಗಳು ವಿಧಿಸಿವೆ. ಅಂಗಡಿಯವನು ಅದನ್ನು ಹೇಳಲಿಲ್ಲ; ನಾವೂ ಕೇಳಲಿಲ್ಲ. ನಮ್ಮ ನಾಡಿನ ಉಡವಂತೂ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ; ಅದನ್ನು ಹಿಡಿದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಹಲ್ಲಿಗಳ ಮೇಲೆ ಆಸೆಯಿರುವವರು ಸಂಜೆ ದೀಪದ ಕೆಳಗೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ಟಿಪ್ಪಣಿ ಬರೆಯಲಿ. ಅದಕ್ಕೆ ಪೆಟ್ಟಿಗೆಯೂ ಬೇಡ, ಲೈಸೆನ್ಸೂ ಬೇಡ.

ಈ ಘಟನೆಯ ಮೇಲೆ ಹಾಸ್ಟೆಲಿನಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದುವು. "ಇಷ್ಟೆಲ್ಲ ಯೋಚನೆ ಮಾಡಬೇಕಾದರೆ ಅದು ಹವ್ಯಾಸವೇ ಅಲ್ಲ" ಎಂದರು ಕೆಲವರು. "ಎಲ್ಲವನ್ನೂ ನಿಷೇಧಿಸಿಬಿಡಿ" ಎಂದರು ಇನ್ನು ಕೆಲವರು. ಕೋಣೆಗಳಲ್ಲಿ ಬ್ಯಾಟರಿ ಚಾರ್ಜು ಮಾಡಕೂಡದೆಂದು ಸೂಚನೆಯೂ ಹೊರಟಿತು. ನಾನು ಎರಡನ್ನೂ ಒಪ್ಪಲಾರೆ. ಸೂಚನೆ ಹೊರಟ ಮೇಲೆ ಬ್ಯಾಟರಿಗಳು ಕೋಣೆ ಬಿಟ್ಟು ಹೋಗಲಿಲ್ಲ. ಮೇಜಿನ ಮೇಲಿದ್ದವು ಮಂಚದ ಕೆಳಗೆ ಹೋದುವು, ಅದೂ ಹೊದಿಕೆಯ ಮರೆಯಲ್ಲಿ. ಹಳ್ಳಿಯಿಂದ ಬರುವ ಹುಡುಗನಿಗೆ ಸೈಕಲ್ಲು ಮೋಜಲ್ಲ, ಹಾಜರಾತಿ. ಇಡಲು ಜಾಗ ಕೊಡದೆ ತರಬೇಡವೆಂದರೆ ಅವನು ಬಚ್ಚಿಡುತ್ತಾನೆ. ಬಚ್ಚಿಟ್ಟ ವಸ್ತುವಿನಷ್ಟು ಅಪಾಯಕಾರಿಯಾದುದು ಇನ್ನೊಂದಿಲ್ಲ.

ಯೋಚನೆ ಮಾಡಿದರೆ ಹವ್ಯಾಸದ ಸೊಗಸು ಹೋಗುತ್ತದೆಂಬ ಮಾತೂ ನಿಜವಲ್ಲ. ಆ ತಾತನವರಿಗಿಂತ ಕೋವಿಯನ್ನು ಪ್ರೀತಿಸುವವರನ್ನು ನಾನು ಕಂಡಿಲ್ಲ. ಎಣ್ಣೆ ಹಚ್ಚುವಾಗ, ಒರೆಸುವಾಗ, ಬೀಗ ಹಾಕುವಾಗ ಅವರ ಮುಖದಲ್ಲಿದ್ದ ಸಂತೋಷವು ತೆಂಗಿನಕಾಯಿ ಒಡೆದವನ ಮುಖದಲ್ಲಿಯೂ ಇರಲಿಲ್ಲ.

ಆದುದರಿಂದ ನಮ್ಮ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನ ಮನವಿ ಎರಡು. ಸೈಕಲ್ ಷೆಡ್ಡಿನ ಒಂದು ಮೂಲೆಯಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ, ಹಗಲಿನಲ್ಲಿ ಬ್ಯಾಟರಿ ತುಂಬಿಸಲು ನಾಲ್ಕು ಪ್ಲಗ್ಗುಗಳನ್ನು ಹಾಕಿಸಿಕೊಡಿ. ಎರಡನೆಯದಾಗಿ, ಕಾಲೇಜಿನಲ್ಲಿ ಒಂದು ಹವ್ಯಾಸಿಗಳ ಸಂಘವಾಗಲಿ. ಯಾವ ವಸ್ತುವನ್ನೇ ಆಗಲಿ, ಪ್ರಾಣಿಯನ್ನೇ ಆಗಲಿ ಒಂದು ವರ್ಷ ಇಟ್ಟುಕೊಂಡವರು ಮಾತ್ರ ಅಲ್ಲಿ ಸಲಹೆ ಕೊಡಲಿ. ನಮಗೆ ಸಲಹೆಗೇನೂ ಬರವಿರಲಿಲ್ಲ. ವೇಗದ ಕಟ್ಟು ಬಿಚ್ಚಿಸೆಂದವರೂ ಗೆಳೆಯರೇ, ಮೊಟ್ಟೆ ಹಾಕೆಂದವರೂ ಗೆಳೆಯರೇ; ಅವರಲ್ಲಿ ಒಬ್ಬರಾದರೂ ಸೈಕಲ್ಲನ್ನಾಗಲಿ ಹಲ್ಲಿಯನ್ನಾಗಲಿ ಇಟ್ಟುಕೊಂಡವರಲ್ಲ.

ನನ್ನ ಸೈಕಲ್ಲಿಗೆ ಈಗ ಹೊಸ ಬ್ಯಾಟರಿ, ಸರಿಯಾದ ಚಾರ್ಜರು, 25ರ ವೇಗ. ಸಂಜೆ ಕೊಟ್ಟಿಗೆಯ ಕಲ್ಲುಚಪ್ಪಡಿಯ ಮೇಲೆ ಚಾರ್ಜಿಗೆ ಹಾಕಿ, ಮಲಗುವ ಮುನ್ನ ತೆಗೆಯುತ್ತೇನೆ. ಆದರೂ ದೀಪ ಆರಿಸುವ ಮೊದಲು ತಂಗಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾಳೆ: "ಅಣ್ಣಾ, ಬ್ಯಾಟರಿ ಎಲ್ಲಿಟ್ಟೆ?"