ಚಂದಾ ನಿಂತರೆ ಚಿತ್ರ ಯಾರದು?

ಪಟಮಟದ ನಮ್ಮ ಸದಸ್ಯೆಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರಕ್ಕೆ ನೀರು ನುಗ್ಗಿದುದನ್ನು ನಾವಾರೂ ಮರೆತಿಲ್ಲವಷ್ಟೆ. ಆಗ ಅಲ್ಲಿದ್ದ ಅವರ ತಂಗಿಯ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕು ನೆನೆದು, ಊರಿನಿಂದ ತಂದಿದ್ದ ಭಾವಚಿತ್ರಗಳೆಲ್ಲ ಕಲೆಗಟ್ಟಿದವು. ಅವನ್ನು ಸ್ಕ್ಯಾನ್ ಮಾಡಿಸಿದ್ದಾಯಿತು. ಇನ್ನು ಕಂಪ್ಯೂಟರಿನಲ್ಲಿ ತಿದ್ದಬೇಕು. ಅಣ್ಣನ ಮಗ, "ತಿಂಗಳ ಚಂದಾದ ತಂತ್ರಾಂಶ ತೆಗೆದುಕೊಳ್ಳೋಣ ಅತ್ತೆ" ಎಂದನಂತೆ. "ಚಂದಾ ನಿಲ್ಲಿಸಿದರೆ ನಮ್ಮ ಅಜ್ಜಿಯ ಮುಖವನ್ನೂ ಅವರೇ ಇಟ್ಟುಕೊಳ್ಳುತ್ತಾರೇನೋ?" ಎಂದು ಇವರು ಕೇಳಿದರಂತೆ. ಹುಡುಗ ನಕ್ಕನಂತೆ. ನಮಗಾದರೋ ಅದು ನಗುವ ಪ್ರಶ್ನೆಯೆಂದು ತೋರಲಿಲ್ಲ.

ಹಿಂದೆ ಹೀಗಿರಲಿಲ್ಲ. 1990ರಲ್ಲಿ ಬಂದ ಫೋಟೋಶಾಪನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಒಮ್ಮೆ ಹಣ ತೆತ್ತು ಕೊಳ್ಳಬಹುದಾಗಿತ್ತು. 2013ರಲ್ಲಿ ಅಡೋಬಿ ಸಂಸ್ಥೆಯವರು, ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಸಾರಿದರು. 2017ರಲ್ಲಿ ಲೈಟ್‌ರೂಮಿನದೂ ಅದೇ ಗತಿಯಾಯಿತು. ಪರಸ್ಥಳದಲ್ಲಿ ಸಂಸಾರ ಹೂಡಿದ ನಮಗೆ ಬಾಡಿಗೆ ಮನೆಯ ಕಷ್ಟಸುಖ ಹೊಸದಲ್ಲ. ಸೂರು ಸೋರಿದರೆ ಮನೆಯೊಡೆಯ ನೋಡಿಕೊಳ್ಳಬೇಕು (ನೋಡಿಕೊಳ್ಳುತ್ತಾನೆಂದು ನಾವು ಹೇಳಲಿಲ್ಲ), ಸುಣ್ಣ ಬಳಿಸುವ ಚಿಂತೆಯಿಲ್ಲ. ಆದರೆ ಗೋಡೆಗೊಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು.

ಅಜ್ಜಿಯ ಮುಖ ಎಲ್ಲಿಗೂ ಹೋಗುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ಮುಗಿದ ಮೇಲೂ ಚಿತ್ರಗಳನ್ನು ನೋಡಬಹುದು, ಪ್ರತಿ ತೆಗೆದುಕೊಳ್ಳಬಹುದು. ತಿದ್ದುವ ಕೋಣೆಗೆ ಮಾತ್ರ ಬೀಗ. ಹೋಗುವುದು ಅರ್ಧ ಮಾಡಿಟ್ಟ ಕೆಲಸ. ಆದುದರಿಂದ ಯಾವ ತಂತ್ರಾಂಶವೇ ಆಗಲಿ, ಒಂದೊಂದು ಚಿತ್ರ ಮುಗಿದಂತೆಲ್ಲ ಅದನ್ನು ಟಿಫ್ ರೂಪದಲ್ಲಿ ಉಳಿಸಿಡಿ. ನೆಂಟರಿಗೆ ಕಳಿಸಲು ಜೆಪೆಗ್ ಸಾಕು. ಸ್ಕ್ಯಾನ್ ಮಾಡಿದ ಮೂಲಪ್ರತಿಯನ್ನಂತೂ ಮುಟ್ಟಲೇಬೇಡಿ.

ಇನ್ನೊಂದು ಎಚ್ಚರಿಕೆ. "ತಿಂಗಳ ಚಂದಾ" ಎಂದು ಕಾಣುವುದು ಎಷ್ಟೋ ವೇಳೆ ಒಂದು ವರ್ಷದ ಕರಾರು. ಕಂತು ಮಾತ್ರ ತಿಂಗಳಿನದು. ನಡುವೆ ಬಿಟ್ಟರೆ ದಂಡವುಂಟು. ಈ ದಂಡವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಲಿಲ್ಲವೆಂದು ಅಮೆರಿಕದ ಸರ್ಕಾರ 2024ರ ಜೂನಿನಲ್ಲಿ ಅಡೋಬಿಯ ಮೇಲೆ ದಾವೆಯನ್ನೇ ಹೂಡಿತು. ಮೂರು ತಿಂಗಳ ಕೆಲಸಕ್ಕೆ ವರ್ಷದ ಕರಾರು ಬರೆದುಕೊಡುವವರು ಯಾರು?

ಹಾಗೆಂದು ಸ್ವಂತಕ್ಕೆ ಕೊಂಡದ್ದು ಶಾಶ್ವತವೆಂದು ತಿಳಿಯಬಾರದು. ಹಣ ಕೊಟ್ಟು ಕೊಂಡ ಲೈಟ್‌ರೂಮ್ 6ರಲ್ಲಿ ಭೂಪಟದ ಸೌಲಭ್ಯ 2018ರಲ್ಲಿ ನಿಂತುಹೋಯಿತು. 2015ರಿಂದ ಒಂದೇ ಬೆಲೆಗೆ ಮಾರಾಟವಾಗುತ್ತಿದ್ದ ಅಫಿನಿಟಿ ಫೋಟೋವಿನ ಎರಡನೆಯ ಆವೃತ್ತಿ 2022ರಲ್ಲಿ ಬಂದಾಗ ಹಳಬರೂ ಮತ್ತೆ ಹಣ ಕೊಡಬೇಕಾಯಿತು. 2024ರಲ್ಲಿ ಆ ಸಂಸ್ಥೆಯನ್ನು ಕ್ಯಾನ್ವಾದವರು ಕೊಂಡರು. 2025ರ ಅಕ್ಟೋಬರಿನಲ್ಲಿ ಅಫಿನಿಟಿಯನ್ನು ಉಚಿತವಾಗಿ ಕೊಡತೊಡಗಿದರು, ಕ್ಯಾನ್ವಾ ಖಾತೆಯಿದ್ದರೆ ಸರಿ. ಉಚಿತವೆಂದರೆ ನಮಗೂ ಸಂತೋಷವೇ. ಆದರೂ ಎಷ್ಟು ದಿನ ಎಂಬ ಶಂಕೆ ನಮ್ಮಂಥ ಹಳಬರನ್ನು ಬಿಡದು.

ಉಳಿದದ್ದು ಗಿಂಪ್. ತೊಂಬತ್ತರ ದಶಕದಿಂದ ಸ್ವಯಂಸೇವಕರು ಬೆಳೆಸಿಕೊಂಡು ಬಂದ ತಂತ್ರಾಂಶ. ಖಾತೆಯಿಲ್ಲ, ಚಂದಾ ಇಲ್ಲ. ಮೂರನೆಯ ಆವೃತ್ತಿ 2025ರ ಮಾರ್ಚಿಯಲ್ಲಿ ಬಂತು. ಕಲೆ ಅಳಿಸುವ, ಪಕ್ಕದ ಬಣ್ಣವನ್ನು ತಂದು ತೇಪೆ ಹಾಕುವ ಸಾಧನಗಳೆಲ್ಲ ಇವೆ. ಕಲಿಯಲು ಒಂದೆರಡು ಭಾನುವಾರ ತಲೆ ಕೆರೆದುಕೊಳ್ಳಬೇಕಾದೀತು. ಚಿತ್ರದ ಕೆಳಗೆ ಹೆಸರು ಬರೆಯುವವರು, ಯಾವ ತಂತ್ರಾಂಶವನ್ನಾದರೂ ಒಪ್ಪುವ ಮುನ್ನ ಅದರಲ್ಲಿ "ಲಕ್ಷ್ಮಮ್ಮ" ಎಂದು ಬರೆದು ನೋಡಿ. ಒತ್ತಕ್ಷರ ಒಡೆದರೆ ಅದು ನಮಗಲ್ಲ. ಗಿಂಪ್ ಸರಿಯಾಗಿ ಬರೆಯುತ್ತದೆ.

ಮದುವೆಮನೆಗಳ ಚಿತ್ರ ತೆಗೆದು ಜೀವನ ಮಾಡುವವರ ಮಾತು ಬೇರೆ. ತಿಂಗಳಿಗೆ 800 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 9,600, ಐದು ವರ್ಷಕ್ಕೆ 48,000 ಆಯಿತು. ದಿನವೂ ದುಡಿಯುವ ಸಾಧನಕ್ಕೆ ಅದು ಗಿಟ್ಟೀತು. ಒಂದು ಟ್ರಂಕಿನ ಚಿತ್ರಗಳಿಗೆ ಗಿಟ್ಟದು.

ನಮ್ಮ ಸದಸ್ಯೆಗೆ ಇದನ್ನು ಮೊದಲೇ ತಿಳಿಸಿದ್ದೆವು. ಹುಡುಗ ಗಿಂಪ್ ಹಿಡಿದು ಕುಳಿತಿದ್ದಾನಂತೆ. ಅಜ್ಜಿಯ ಕೆನ್ನೆಯ ಮೇಲಿನ ಕಲೆ ಹೋಗಿ ಮೂಗುಬಟ್ಟು ಕಾಣುತ್ತಿದೆಯಂತೆ. ಸೆರಗಿನ ಅಂಚು ಇನ್ನೂ ಬಾಕಿ.